ಹದಿಬದೆಯ ಮನೆಯಲ್ಲಿ ಕಾಳವ್ವೆಗೆ ಜಾಗವಿದೆಯೆ?

ಮಾರ್ಚ್ 8 ಬಂತೆಂದರೆ ಮೈಸೂರಿನ ಸಭೆಗಳಲ್ಲಿ ಸಂಚಿಯ ಹೊನ್ನಮ್ಮನ ಒಂದು ಪದ್ಯ ತಪ್ಪದೆ ಕೇಳಿಬರುತ್ತದೆ. ಹೆಣ್ಣನ್ನು ಕೀಳೆನ್ನುವ ಗಂಡಸರಿಗೆ ಅವರ ಹೆತ್ತತಾಯಿಯನ್ನು ನೆನಪಿಸಿ ಛೀಮಾರಿ ಹಾಕುವ ಪದ್ಯ ಅದು. ರಾಮಕೃಷ್ಣನಗರದಂಥ ಓದುಬಲ್ಲವರ ಬಡಾವಣೆಯಲ್ಲಂತೂ ಸ್ವಾಗತ ಭಾಷಣದಲ್ಲಿ ಒಮ್ಮೆ, ಅಧ್ಯಕ್ಷ ಭಾಷಣದಲ್ಲಿ ಒಮ್ಮೆ, ವಂದನಾರ್ಪಣೆಯಲ್ಲಿ ಇನ್ನೊಮ್ಮೆ ಬಂದುಹೋಗುತ್ತದೆ. ಸಭೆ ಚಪ್ಪಾಳೆ ತಟ್ಟುತ್ತದೆ. ಕನ್ನಡದಲ್ಲಿ ಮುನ್ನೂರು ವರ್ಷದ ಹಿಂದೆಯೇ ಸ್ತ್ರೀವಾದ ಇತ್ತು ಅಂತ ಎಲ್ಲರೂ ಎದೆಯುಬ್ಬಿಸಿಕೊಂಡು ಮನೆಗೆ ಹೋಗುತ್ತಾರೆ.

ಇತ್ತೆ? ಇದ್ದರೆ ಯಾವ ಹೆಣ್ಣಿನ ಪರವಾಗಿ ಇತ್ತು? ಈ ಪ್ರಶ್ನೆಯನ್ನು ಕೇಳದೆ ಹೊನ್ನಮ್ಮನಿಗೆ ಹಾರ ಹಾಕುವುದು ಅವಳಿಗೂ ಮರ್ಯಾದೆಯಲ್ಲ, ನಮಗೂ ಮರ್ಯಾದೆಯಲ್ಲ. ಆದ್ದರಿಂದ ಅವಳಿಂದಲೇ ಶುರು ಮಾಡುತ್ತೇವೆ.

ಚಿಕ್ಕದೇವರಾಜ ಒಡೆಯರು 1673ರಿಂದ 1704ರವರೆಗೆ ಮೈಸೂರನ್ನು ಆಳಿದರು. ಅವರ ರಾಣಿ ದೇವಾಜಮ್ಮಣ್ಣಿಯ ಊಳಿಗದಲ್ಲಿದ್ದವಳು ಹೊನ್ನಮ್ಮ. ಎಲೆಯಡಿಕೆಯ ಸಂಚಿ ಹಿಡಿದು ರಾಣಿಯ ಪಕ್ಕ ನಿಲ್ಲುವುದು ಅವಳ ಕೆಲಸ. ಕೈ ಚಾಚಿದಾಗ ಎಲೆ ಕೊಡಬೇಕು, ಅಡಿಕೆ ಕೊಡಬೇಕು. ಅರಮನೆ ತುಂಬ ಸಂಸ್ಕೃತ ಬಲ್ಲ ಪಂಡಿತರು ಓಡಾಡುತ್ತಿದ್ದ ಕಾಲದಲ್ಲಿ ಊಳಿಗದ ಹೆಂಗಸೊಬ್ಬಳು ಅಕ್ಷರ ಕಲಿತು, ಸಾಂಗತ್ಯದಲ್ಲಿ ಒಂದು ಗ್ರಂಥವನ್ನೇ ಬರೆದಳು ಎನ್ನುವುದು ಸಣ್ಣ ಮಾತಲ್ಲ. ಇನ್ನೊಂದು ಮಾತು ನಮ್ಮಂಥವರ ಕಣ್ಣಿಗೆ ಬೀಳದೆ ಹೋಗುವುದಿಲ್ಲ. ಅವಳ ಹೆಸರಿನ ಹಿಂದೆ ಗಂಡನ ಹೆಸರಿಲ್ಲ, ಅಪ್ಪನ ಹೆಸರಿಲ್ಲ. ದುಡಿಮೆಯ ಹೆಸರಿದೆ. ಸಂಚಿಯ ಹೊನ್ನಮ್ಮ. ಮುಸುರೆ ಕೆಂಪಮ್ಮ, ಸೊಪ್ಪಿನ ಸಿದ್ದಮ್ಮ ಅಂತ ಇವತ್ತಿಗೂ ನಮ್ಮ ಕೇರಿಗಳಲ್ಲಿ ಕರೆಯುತ್ತಾರಲ್ಲ, ಹಾಗೆ.

ಆದರೆ ಅವಳು ಬರೆದದ್ದೇನು? ‘ಹದಿಬದೆಯ ಧರ್ಮ’. ಹದಿಬದೆ ಎಂದರೆ ಪತಿವ್ರತೆ. ಗಂಡನೊಂದಿಗೆ ಹೇಗಿರಬೇಕು, ಅತ್ತೆ ಮಾವಂದಿರೊಂದಿಗೆ ಹೇಗಿರಬೇಕು, ಮನೆವಾರ್ತೆ ಹೇಗೆ ನಡೆಸಬೇಕು ಎಂದು ಹೇಳುವ ಪುಸ್ತಕ. ಹೆಣ್ಣುಮಗುವನ್ನೂ ಗಂಡುಮಗುವಿನಷ್ಟೇ ಅಕ್ಕರೆಯಿಂದ ಸಾಕಿರಿ ಎನ್ನುವ ದಿಟ್ಟ ಮಾತೂ ಈ ಉಪದೇಶದ ನಡುವೆಯೇ ಇದೆ. ಆ ಮಾತನ್ನು ನಾವು ತಲೆಯ ಮೇಲೆ ಹೊತ್ತುಕೊಳ್ಳುತ್ತೇವೆ. ಆದರೆ ಅಕ್ಕರೆಯಿಂದ ಸಾಕಿದ ಆ ಮಗಳು ದೊಡ್ಡವಳಾಗಿ ಏನಾಗಬೇಕು? ಹದಿಬದೆಯಾಗಬೇಕು. ವೇದಿಕೆಯ ಮೇಲೆ ಆ ಒಂದು ಪದ್ಯ ಓದುವವರು ಇದನ್ನು ಹೇಳುವುದಿಲ್ಲ. ಇದಕ್ಕಿಂತ ನಮ್ಮನ್ನು ಹೆಚ್ಚು ಕಾಡುವುದು ಬೇರೆಯದು. ಗ್ರಂಥದ ವಸ್ತು ಮನೆಯೊಡತಿಯ ಬಾಳು. ಬರೆದವಳು ಸಂಚಿ ಹಿಡಿದು ನಿಂತವಳು, ಬರೆಯಿಸಿದವಳು ಕುಳಿತು ಎಲೆ ಮೆಲ್ಲುವ ರಾಣಿ. ಕುಳಿತವಳ ಧರ್ಮವನ್ನು ನಿಂತವಳು ಬರೆದಳು. ನಿಂತವಳ ಧರ್ಮ ಏನು, ಅವಳ ಹಕ್ಕು ಏನು ಎನ್ನುವ ಗ್ರಂಥ ಮೈಸೂರಿನ ಅರಮನೆಯಲ್ಲಿ ಹುಟ್ಟಲಿಲ್ಲ. ಹುಟ್ಟುವುದು ಸಾಧ್ಯವೂ ಇರಲಿಲ್ಲ. ಇದಕ್ಕಾಗಿ ಹೊನ್ನಮ್ಮನನ್ನು ಕಟಕಟೆಯಲ್ಲಿ ನಿಲ್ಲಿಸುವ ಇರಾದೆ ನಮಗಿಲ್ಲ. ಅನ್ನ ಹಾಕುವವರು ಕೇಳಿದ್ದನ್ನು ಬರೆಯುವ ಕಷ್ಟ ಊಳಿಗ ಮಾಡಿದವರಿಗೆ ಗೊತ್ತು.

ಇದು ನಮ್ಮ ದೇಶದ ಕಥೆ ಮಾತ್ರ ಅಂದುಕೊಳ್ಳಬೇಡಿ. ಯೂರೋಪಿನಲ್ಲಿ ಸ್ತ್ರೀವಾದದ ಮೊದಲ ದೊಡ್ಡ ಗ್ರಂಥವೆಂದು ಹೇಳುವ ಮೇರಿ ವುಲ್‌ಸ್ಟನ್‌ಕ್ರಾಫ್ಟಳ ಪುಸ್ತಕ 1792ರಲ್ಲಿ ಲಂಡನ್ನಿನಲ್ಲಿ ಬಂತು. ಹೆಣ್ಣಿಗೂ ಬುದ್ಧಿಯಿದೆ, ಅದಕ್ಕೆ ಸಾಣೆ ಹಿಡಿಯುವ ವಿದ್ಯೆ ಬೇಕು, ಗಂಡಿಗೆ ಬೊಂಬೆಯಾಗಿರುವುದು ಗುಲಾಮಗಿರಿ ಎಂದು ಗುಡುಗಿದ ಹೆಂಗಸು ಆಕೆ. ಶ್ರೀಮಂತರ ಮನೆಯ ಮಕ್ಕಳಿಗೆ ಪಾಠ ಹೇಳಿ ಹೊಟ್ಟೆ ಹೊರೆದವಳು, ಊಳಿಗದ ರುಚಿ ಕಂಡವಳು. ತಾನು ಮುಖ್ಯವಾಗಿ ಮಧ್ಯಮವರ್ಗದ ಹೆಂಗಸರನ್ನು ಗಮನದಲ್ಲಿಟ್ಟು ಬರೆಯುತ್ತಿದ್ದೇನೆಂದು ಪುಸ್ತಕದ ಆರಂಭದಲ್ಲೇ ಹೇಳುತ್ತಾಳೆ. ಆ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ಮುಂದೆ ಒಂದು ಕಡೆ ಅವಳು ತನ್ನ ಆದರ್ಶದ ಗೃಹಿಣಿಯ ಚಿತ್ರ ಬಿಡಿಸುತ್ತಾಳೆ. ವಿಚಾರವಂತೆ, ಸರಳ ಬದುಕಿನವಳು, ಮಕ್ಕಳನ್ನು ತಾನೇ ನೋಡಿಕೊಳ್ಳುವವಳು. ಮನೆಯ ಕೀಳು ಕೆಲಸಗಳನ್ನು ಕೈಯಿಂದ ತೆಗೆದುಕೊಳ್ಳಲು ಬಹುಶಃ ಒಬ್ಬಳೇ ಒಬ್ಬಳು ಕೆಲಸದ ಹುಡುಗಿ.

ಓದುತ್ತಾ ಬಂದ ನಾವು ಆ ಹುಡುಗಿಯ ಹತ್ತಿರ ನಿಂತುಬಿಟ್ಟೆವು. ಅವಳಿಗೆ ಹೆಸರಿಲ್ಲ. ಅರ್ಧ ಸಾಲಿನಲ್ಲಿ ಬಂದು ಅರ್ಧ ಸಾಲಿನಲ್ಲಿ ಹೋಗುತ್ತಾಳೆ. ಆದರೆ ಅವಳು ಬರದೆ ಹೋದರೆ ಆ ಮನೆಯ ಒಡತಿಗೆ ವಿಚಾರ ಮಾಡಲು ಪುರುಸೊತ್ತಿಲ್ಲ. ಆ ಹುಡುಗಿಗೂ ಬುದ್ಧಿಯಿದೆಯಲ್ಲ, ಅದಕ್ಕೆ ಸಾಣೆ ಹಿಡಿಯುವವರು ಯಾರು?

ಆ ಹುಡುಗಿ ನಮಗೆ ಗುರುತಿನವಳು. ಬೆಳಿಗ್ಗೆ ಏಳಕ್ಕೆ ಆಂದೋಲನ ವೃತ್ತದ ಹತ್ತಿರ ನಿಂತರೆ ಅವಳನ್ನು ನೀವೂ ನೋಡಬಹುದು. ಜನತಾನಗರದಿಂದ, ದಟ್ಟಗಳ್ಳಿಯ ಹಳೇ ಊರಿನಿಂದ, ಆಚೆ ಹಳ್ಳಿಗಳಿಂದ ಬಸ್ಸು ಹತ್ತಿ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ರಾಮಕೃಷ್ಣನಗರದ ಅಡ್ಡರಸ್ತೆಗಳಿಗೆ ಹಂಚಿಹೋಗುತ್ತಾಳೆ. ನಾಲ್ಕು ಮನೆಯ ಕಸ, ಮುಸುರೆ, ಬಟ್ಟೆ, ನೆಲ. ನಮ್ಮಲ್ಲಿ ಕೆಲವರನ್ನು ಬಿ.ಎ., ಎಂ.ಎ. ಓದಿಸಿದ್ದು ಆ ಮುಸುರೆ ನೀರು. ನಮ್ಮ ಅವ್ವಂದಿರು ಬೋಗುಣಿ ತಿಕ್ಕಿದ ಮನೆಗಳ ಕಪಾಟಿನಲ್ಲಿ ಸ್ತ್ರೀವಾದದ ಪುಸ್ತಕಗಳೂ ಇದ್ದವು. ಧೂಳು ಒರೆಸಿದ್ದು ಅವ್ವಂದಿರು. ಓದಿದವರು ಬೇರೆ.

ಹಾಗಾದರೆ ನಿಂತವಳ ಕಡೆಯಿಂದ ಯೋಚಿಸಿದ ಹೆಣ್ಣು ಕನ್ನಡದಲ್ಲಿ ಇಲ್ಲವೇ ಇಲ್ಲವೆ? ಇದ್ದಾರೆ, ಹೊನ್ನಮ್ಮನಿಗಿಂತ ಐನೂರು ವರ್ಷ ಹಿಂದೆ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ವಚನ ಬರೆದ ಹೆಂಗಸರು ಮೂವತ್ತಕ್ಕೂ ಹೆಚ್ಚು ಮಂದಿ. ಅಕ್ಕಮಹಾದೇವಿಯ ಬಗ್ಗೆ ಬರೆಯುವವರು ಸಾಕಷ್ಟು ಇದ್ದಾರೆ, ಅವರಿಗೇ ಬಿಡೋಣ. ನಮಗೆ ಬೇಕಾದವರು ಆಯ್ದಕ್ಕಿ ಲಕ್ಕಮ್ಮ, ಸೂಳೆ ಸಂಕವ್ವೆ, ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ. ಈ ಹೆಸರುಗಳನ್ನೇ ನೋಡಿ. ಒಬ್ಬಳು ನೆಲಕ್ಕೆ ಬಿದ್ದ ಅಕ್ಕಿ ಆಯ್ದವಳು. ಒಬ್ಬಳು ಮೈ ಮಾರಿದವಳು. ಒಬ್ಬಳು ದಲಿತ ಶರಣನ ಹೆಂಡತಿ.

ಲಕ್ಕಮ್ಮನ ಗಂಡ ಮಾರಯ್ಯ ಒಂದು ದಿನ ಮಾಮೂಲಿಗಿಂತ ಹೆಚ್ಚು ಅಕ್ಕಿ ತಂದ. ಆಸೆ ಅರಸರಿಗಿರಲಿ, ನಮಗೆ ಯಾಕೆ, ತಂದಲ್ಲಿಗೇ ಹೋಗಿ ಸುರಿದು ಬಾ ಎಂದಳು ಲಕ್ಕಮ್ಮ. ಇದನ್ನು ಪಂಡಿತರು ಅಪರಿಗ್ರಹ, ವೈರಾಗ್ಯ ಅಂತೆಲ್ಲ ಕರೆದು ಮೇಲಕ್ಕೆ ಏರಿಸಿಬಿಟ್ಟರು. ನಮ್ಮ ಓದು ಬೇರೆ. ದುಡಿಮೆಯ ಲೆಕ್ಕ ಅವಳ ಕೈಯಲ್ಲಿತ್ತು. ದಿನಕ್ಕೆ ಎಷ್ಟು ಬೇಕು, ಎಷ್ಟು ಹೆಚ್ಚಾಯಿತು, ಹೆಚ್ಚಾದದ್ದು ಯಾರ ಪಾಲು ಎಂದು ಅಳೆದು ಹೇಳಿದವಳು ಅವಳು. ಆಜ್ಞೆ ಅವಳದು, ಹೊತ್ತು ವಾಪಸ್ಸು ಹೋಗುವ ಕೆಲಸ ಗಂಡನದು. ಆದರೂ ಅವಳ ವಚನದ ಅಂಕಿತ ನೋಡಿ: ಮಾರಯ್ಯಪ್ರಿಯ ಅಮರೇಶ್ವರಲಿಂಗ. ಗಂಡನನ್ನು ತಿದ್ದುವ ವಚನದ ಕೊನೆಯಲ್ಲೂ ಗಂಡನ ಹೆಸರು. ಕಲ್ಯಾಣದ ಕ್ರಾಂತಿ ಎಲ್ಲಿಯವರೆಗೆ ಬಂತು, ಎಲ್ಲಿ ನಿಂತಿತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಸಂಕವ್ವೆಯದು ಒಂದೇ ಒಂದು ವಚನ ಉಳಿದಿದೆ. ಒಬ್ಬನಿಂದ ಒತ್ತೆ ಹಿಡಿದ ಮೇಲೆ ಇನ್ನೊಬ್ಬನ ಒತ್ತೆ ಹಿಡಿಯಬಾರದೆನ್ನುವ ತನ್ನ ಕಸುಬಿನ ನೀತಿಯನ್ನೇ ಅವಳು ಭಕ್ತಿಯ ನಿಷ್ಠೆಗೆ ಅಳತೆಗೋಲು ಮಾಡುತ್ತಾಳೆ. ಅಂಕಿತ ನಿರ್ಲಜ್ಜೇಶ್ವರ. ನಾಚಿಕೆಯೇ ಹೆಣ್ಣಿಗೆ ಭೂಷಣ ಎನ್ನುವ ದೇಶದಲ್ಲಿ ನಾಚಿಕೆಯಿಲ್ಲದ ದೇವರನ್ನು ಹುಡುಕಿಕೊಂಡವಳು. ಹದಿಬದೆಯ ಧರ್ಮ ಓದುವ ಮನೆಯ ಹೊಸ್ತಿಲು ಇವಳು ದಾಟುವಂತಿಲ್ಲ.

ಇನ್ನು ಕಾಳವ್ವೆ. ವಚನಕಾರ್ತಿಯರಲ್ಲಿ ಮೂವರು ಕಾಳವ್ವೆಯರು ಸಿಗುತ್ತಾರೆ. ಇವಳೊಬ್ಬಳು, ಬಾಚಿಕಾಯಕದ ಬಸವಯ್ಯನ ಪುಣ್ಯಸ್ತ್ರೀ ಇನ್ನೊಬ್ಬಳು, ಸಿದ್ಧಬುದ್ಧಯ್ಯನ ಪುಣ್ಯಸ್ತ್ರೀ ಮತ್ತೊಬ್ಬಳು. ಗುರುತು ಹಿಡಿಯಬೇಕಾದರೆ ಗಂಡನ ಹೆಸರು ಹಿಡಿದೇ ಬರಬೇಕು. ನಮ್ಮ ಕಾಳವ್ವೆಯ ವಾದ ಊಟದ ಎಲೆಯಿಂದ ಶುರುವಾಗುತ್ತದೆ. ಕುರಿ ಕೋಳಿ ಮೀನು ತಿನ್ನುವವರು ಕುಲವಂತರು. ಶಿವನಿಗೆ ಪಂಚಾಮೃತ ಕೊಡುವ ದನವನ್ನು ತಿನ್ನುವ ಮಾದಿಗ ಮಾತ್ರ ಕೀಳು. ಇದು ಯಾವ ನ್ಯಾಯ ಎಂದು ಕೇಳಿ ಅಲ್ಲಿಗೆ ನಿಲ್ಲಿಸುವುದಿಲ್ಲ. ಚರ್ಮದ ಕಡೆಗೆ ಹೊರಳುತ್ತಾಳೆ. ಆ ದನದ ಚರ್ಮದಿಂದ ಮಾಡಿದ ಚೀಲದಲ್ಲಿಟ್ಟ ತುಪ್ಪವನ್ನೂ ನೀರನ್ನೂ ಶುದ್ಧವೆಂದು ಕುಡಿಯುವ ಬ್ರಾಹ್ಮಣರಿಗೆ ನರಕ ತಪ್ಪದು ಎನ್ನುತ್ತಾಳೆ. ತುಪ್ಪ ಶುದ್ಧವಾಗಿ ಉಳಿದು ಚೀಲ ಹೊಲಿದವನು ಮಾತ್ರ ಅಶುದ್ಧನಾದದ್ದು ಹೇಗೆ? ವೇದ, ಶಾಸ್ತ್ರ, ಪುರಾಣ ಯಾವುದನ್ನೂ ಅವಳು ಉದಾಹರಿಸುವುದಿಲ್ಲ. ಅಡುಗೆಮನೆಯ ವಸ್ತುವನ್ನು ಎತ್ತಿ ತೋರಿಸಿ ಇದು ಯಾರ ಕೈಯಿಂದ ಬಂತು ಎಂದು ಕೇಳುತ್ತಾಳೆ.

ಇಷ್ಟಾದರೂ ಕನ್ನಡದ ಸ್ತ್ರೀಚಿಂತನೆ ಅಂತ ಭಾಷಣ ಮಾಡುವವರ ಪಟ್ಟಿಯಲ್ಲಿ ಕಾಳವ್ವೆ ಬರುವುದಿಲ್ಲ. ಯಾಕೆಂದು ಕೇಳಿದರೆ, ಅದು ಜಾತಿಯ ವಚನ, ಹೆಣ್ಣಿನ ವಚನ ಅಲ್ಲ ಅಂತ ಉತ್ತರ ಬರುತ್ತದೆ. ಹೆಣ್ಣೊಬ್ಬಳು ಊಟ, ತುಪ್ಪ, ನೀರು, ಮಡಿಯ ಬಗ್ಗೆ ಮಾತಾಡಿದರೆ ಅದು ಹೆಣ್ಣಿನ ಮಾತಲ್ಲವಂತೆ! ಗಂಡ, ಮಕ್ಕಳು, ಸೀರೆ, ಕಣ್ಣೀರು ಇದ್ದರೆ ಮಾತ್ರ ಹೆಣ್ಣಿನ ಮಾತೇನು?

ಜಾತಿ ಮತ್ತು ಹೆಣ್ಣು ಎರಡು ಬೇರೆ ಬೇರೆ ಪ್ರಶ್ನೆ ಅಲ್ಲವೆಂದು ಶಾಸ್ತ್ರೀಯವಾಗಿ ತೋರಿಸಿದವರು ಬಾಬಾಸಾಹೇಬರು. 1916ರ ಮೇ ತಿಂಗಳಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಜಾತಿಗಳ ಬಗ್ಗೆ ಪ್ರಬಂಧ ಓದಿದಾಗ ಅವರಿಗೆ ಇಪ್ಪತ್ತೈದು ವರ್ಷ, ನಮ್ಮ ವಯಸ್ಸು. ಜಾತಿ ನಿಂತಿರುವುದು ಜಾತಿಯೊಳಗೇ ಮದುವೆ ಎನ್ನುವ ಕಟ್ಟಿನ ಮೇಲೆ. ಆ ಕಟ್ಟು ಸಡಿಲವಾಗದಿರಲು ಗಂಡ ಸತ್ತ ಹೆಣ್ಣನ್ನು ಸುಡಬೇಕು, ಇಲ್ಲವೇ ವಿಧವೆಯಾಗಿ ಮೂಲೆಗೆ ಕೂರಿಸಬೇಕು, ಎಳೆಯ ಹುಡುಗಿಯನ್ನು ಮೊದಲೇ ಮದುವೆ ಮಾಡಿಬಿಡಬೇಕು. ಸತಿ, ವೈಧವ್ಯ, ಬಾಲ್ಯವಿವಾಹ ಮೂರೂ ಜಾತಿಯನ್ನು ಕಾಯುವ ಕಾವಲುಗಾರರು ಎಂದರು ಅವರು. ಇದಕ್ಕೂ ಮೊದಲು, ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ 1887ರಲ್ಲಿ ಬರೆದ ಇಂಗ್ಲಿಷ್ ಪುಸ್ತಕದ ಹೆಸರಿನಲ್ಲೇ ‘ಮೇಲ್ಜಾತಿಯ ಹಿಂದೂ ಸ್ತ್ರೀ’ ಎಂದಿತ್ತು. ಯಾವ ಹೆಣ್ಣಿನ ಬಗ್ಗೆ ಬರೆಯುತ್ತಿದ್ದೇನೆಂದು ಆಕೆ ಮುಚ್ಚಿಡಲಿಲ್ಲ. ಆಮೇಲೆ ಬಂದವರು ಮೇಲ್ಜಾತಿ ಎನ್ನುವ ಪದವನ್ನು ಅಳಿಸಿ ಬರೀ ಸ್ತ್ರೀ ಅಂತ ಉಳಿಸಿಕೊಂಡರು. ಮೋಸ ಅಲ್ಲಿ ಆಯಿತು.

ಮೈಸೂರಿನ ಹೆಂಗಸರ ಹಕ್ಕಿನ ಕಥೆಯನ್ನು ಈ ಕಣ್ಣಿನಿಂದ ನೋಡಿ. ನಂಜನಗೂಡು ತಿರುಮಲಾಂಬ ಬಾಲವಿಧವೆ. 1913ರಲ್ಲಿ ‘ಸತೀ ಹಿತೈಷಿಣೀ’ ಎಂಬ ಗ್ರಂಥಮಾಲೆ ಶುರುಮಾಡಿ ತಾನೇ ಬರೆದು ತಾನೇ ಪ್ರಕಟಿಸಿದ ಗಟ್ಟಿಗಿತ್ತಿ. ಜನ ಮರೆತೇಬಿಟ್ಟಿದ್ದ ಅವರನ್ನು ಮತ್ತೆ ಓದುವಂತೆ ಮಾಡಿದವರಲ್ಲಿ ಮಾನಸಗಂಗೋತ್ರಿಯ ವಿಜಯಾ ದಬ್ಬೆ ಮುಖ್ಯರು. ಆ ಋಣ ದೊಡ್ಡದು. ಆದರೂ ಮಾಲೆಯ ಹೆಸರಿನಲ್ಲಿ ಸತಿ ಕೂತಿದ್ದಾಳೆ, ಹದಿಬದೆಯ ಮೊಮ್ಮಗಳು. 1933ರಲ್ಲಿ ಮೈಸೂರು ಸಂಸ್ಥಾನ ಹಿಂದೂ ಹೆಂಗಸರ ಹಕ್ಕುಗಳ ಕಾಯಿದೆ ತಂದಿತು. ಮನೆ ಪಾಲಾಗುವಾಗ ತಾಯಿಗೆ, ವಿಧವೆಗೆ, ಮದುವೆಯಾಗದ ಮಗಳಿಗೆ ಪಾಲು. ಬ್ರಿಟಿಷ್ ಇಂಡಿಯಾಗಿಂತ ಮೊದಲೇ ಇದಾಯಿತೆಂದು ಹೆಮ್ಮೆ ಪಡಬಹುದು. 1994ರಲ್ಲಿ ಕರ್ನಾಟಕ, 2005ರಲ್ಲಿ ಇಡೀ ದೇಶ ಮಗಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟವು. ಒಳ್ಳೆಯದೇ. ಪಾಲು ಮಾಡಲು ಹಿಡಿ ಮಣ್ಣಿಲ್ಲದ ಮನೆಯ ಮಗಳಿಗೆ ಇದರಲ್ಲಿ ಏನು ಬಂತು ಅಂತ ಮಾತ್ರ ಕೇಳಬೇಡಿ.

2023ರ ಆಗಸ್ಟ್ 30ರಂದು ಗೃಹಲಕ್ಷ್ಮಿ ಯೋಜನೆ ಇದೇ ಮೈಸೂರಿನಲ್ಲಿ ಉದ್ಘಾಟನೆಯಾಯಿತು. ಮನೆಯ ಯಜಮಾನಿಗೆ ತಿಂಗಳಿಗೆ ಎರಡು ಸಾವಿರ ರೂಪಾಯಿ. ಬಿಟ್ಟಿ ಭಾಗ್ಯ ಅಂತ ವಾಕಿಂಗ್ ಹೋಗುವಾಗ ಮೂಗು ಮುರಿಯುವ ಬುದ್ಧಿಜೀವಿಗಳ ಜೊತೆ ನಾವಿಲ್ಲ. ಆ ದುಡ್ಡು ನಮ್ಮ ಅವ್ವಂದಿರ ಸ್ವಂತ ಖಾತೆಗೆ ಬಂದಾಗ ಅವರ ನಡಿಗೆಯೇ ಬದಲಾದದ್ದನ್ನು ನೋಡಿದ್ದೇವೆ. ಅದಕ್ಕೂ ಮುಂಚೆ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಬಸ್ ಚಾರ್ಜು ಉಳಿದು, ದೂರದ ಮನೆ ಹಿಡಿಯುವ ಧೈರ್ಯ ಬಂತು. ಯಜಮಾನಿ ಎನ್ನುವ ಪದ ಕಾರ್ಡಿನ ಮೇಲೆ ಅಚ್ಚಾದದ್ದೂ ಸಣ್ಣದಲ್ಲ. ತಕರಾರಿರುವುದು ಯೋಜನೆಗೆ ಇಟ್ಟ ಹೆಸರಿನ ಮೇಲೆ. ಗೃಹಲಕ್ಷ್ಮಿ! ಮುನ್ನೂರು ವರ್ಷ ಕಳೆದರೂ ಹೆಣ್ಣಿಗೆ ದುಡ್ಡು ಕೊಡಬೇಕಾದರೆ ಅವಳನ್ನು ಮೊದಲು ಗೃಹದೊಳಗೆ ಕೂರಿಸಿ, ದೇವಿ ಮಾಡಿ, ಆಮೇಲೆ ಕೊಡಬೇಕು. ನಾಲ್ಕು ಗೃಹಗಳಲ್ಲಿ ಮುಸುರೆ ತಿಕ್ಕುವ ಲಕ್ಷ್ಮಿಗೆ ದುಡಿಯುವ ಹೆಣ್ಣು ಎನ್ನುವ ಹೆಸರಿನಲ್ಲಿ ಏನು ಸಿಕ್ಕಿದೆ? ಕರ್ನಾಟಕ ಸರ್ಕಾರ 2004ರಲ್ಲೇ ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತು ಮಾಡಿತು. ಆ ಸಂಗತಿ ಗೊತ್ತಿರುವ ಒಬ್ಬ ಮನೆಯೊಡತಿಯನ್ನೂ ನಾವು ಇದುವರೆಗೆ ಕಂಡಿಲ್ಲ. ಮನೆಗೆಲಸದವರ ಹಕ್ಕುಗಳ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2011ರಲ್ಲಿ ಒಡಂಬಡಿಕೆ ಮಾಡಿತು. ಭಾರತ ಅದನ್ನು ಅನುಮೋದಿಸಿಲ್ಲ.

ಮುಟ್ಟಿನ ಮಾತಿಗೆ ಬರೋಣ. ಕನ್ನಡದಲ್ಲಿ ಮುಟ್ಟು ಎಂದರೆ ತಾಗು, ಮುಟ್ಟು ಎಂದರೆ ಹೆಂಗಸಿನ ತಿಂಗಳ ರಕ್ತ. ಹೊಲೆ ಎಂಬ ಪದಕ್ಕೂ ಕಿಟ್ಟೆಲ್ ತನ್ನ ನಿಘಂಟಿನಲ್ಲಿ ತಿಂಗಳ ಸ್ರಾವ, ಹೆರಿಗೆಯ ಸೂತಕ, ಮೈಲಿಗೆ ಎಂದೆಲ್ಲ ಅರ್ಥ ಕೊಟ್ಟಿದ್ದಾನೆ. ಅದೇ ಪದದಿಂದ ನಮ್ಮ ಜಾತಿಯನ್ನು ಕರೆದರು. ಹೆಣ್ಣಿನ ಮೈಗೂ ನಮ್ಮ ಕೇರಿಗೂ ಒಂದೇ ಪದ ಸಾಕಾಯಿತು ಈ ಸಮಾಜಕ್ಕೆ. ತಾಯಿಯ ಆ ರಕ್ತವಿಲ್ಲದೆ ಯಾವ ಕುಲಜನೂ ಹುಟ್ಟಿಲ್ಲವೆಂದು ಬಸವಣ್ಣ ವಾದಿಸಿ ಎಂಟುನೂರು ವರ್ಷವಾಯಿತು. 2025ರಲ್ಲಿ ಬಾನು ಮುಷ್ತಾಕ್ ದಸರಾ ಉದ್ಘಾಟಿಸುತ್ತಾರೆ ಎಂದಾಗ, ಚಾಮುಂಡಿಗೆ ಅವರು ಹೂ ಹಾಕಬಹುದೆ ಅಂತ ಹೈಕೋರ್ಟಿನವರೆಗೆ ಹೋದರು. ಬಂಡಾಯದ ಒಳಗಿಂದ ಬಂದ ಲೇಖಕಿ, ಆ ವರ್ಷ ಅಂತರರಾಷ್ಟ್ರೀಯ ಬೂಕರ್ ಪಡೆದವರು. ಕೋರ್ಟು ಅರ್ಜಿ ವಜಾ ಮಾಡಿತು, ಅವರು ಹೂ ಹಾಕಿದರು. ಯಾರು ಮುಟ್ಟಬಹುದು ಎನ್ನುವ ಪ್ರಶ್ನೆ ಮಾತ್ರ ವಜಾ ಆಗಲಿಲ್ಲ.

ಅದೇ ವರ್ಷ ಅಕ್ಟೋಬರಿನಲ್ಲಿ ತಿಂಗಳಿಗೊಂದರಂತೆ ವರ್ಷಕ್ಕೆ ಹನ್ನೆರಡು ದಿನ ಸಂಬಳಸಹಿತ ಮುಟ್ಟಿನ ರಜೆಗೆ ರಾಜ್ಯ ಸಚಿವ ಸಂಪುಟ ಒಪ್ಪಿತು. ಕಚೇರಿ, ಕಾರ್ಖಾನೆ, ಗಾರ್ಮೆಂಟ್ಸ್, ಐಟಿ ಕಂಪನಿಗಳ ಹೆಂಗಸರಿಗೆ. ಇದು ಗೆಲುವು, ಗೆಲುವೆಂದೇ ಹೇಳುತ್ತೇವೆ. ರಜೆ ಕೊಟ್ಟರೆ ಹೆಂಗಸರಿಗೆ ಕೆಲಸ ಕೊಡುವುದಿಲ್ಲ ಎನ್ನುವವರಿಗೆ ಉತ್ತರ ಕೊಡಲು ಬೇಕಾದಷ್ಟು ಜನ ಇದ್ದಾರೆ. ನಮ್ಮ ಅವ್ವಂದಿರಲ್ಲಿ ಒಬ್ಬಳಿಗೆ ಈ ಸುದ್ದಿ ಓದಿ ಹೇಳಿದೆವು. ಅವಳು ಹೇಳಿದ್ದು ಇದು:

“ನಮ್ಗ ಯಾವಾಗ್ಲೊ ಕೊಟ್ಟವರ ಕನವ್ವ ರಜ. ಒಂದ್ ಮನೇಲಿ, ಮುಟ್ಟಾದಾಗ ಮೂರ್ ದಿನ ಒಳಕ್ಕ ಬರಬ್ಯಾಡ ಅಂತರ. ದೇವ್ರ ಮನ ಅದ, ಮಡಿ ಅದ ಅಂತರ. ಆ ಮೂರ್ ದಿನದ ದುಡ್ಡ ಹಿಡ್ಕತರ.”

ತಿಂಗಳಿಗೆ ಮೂರು, ವರ್ಷಕ್ಕೆ ಮೂವತ್ತಾರು ದಿನ. ಸಂಬಳವಿಲ್ಲದ ರಜೆ. ಆ ಮನೆಯ ಒಡತಿ ಆಫೀಸಿಗೆ ಹೋಗುವವರು. ಹನ್ನೆರಡು ದಿನದ ಹಕ್ಕು ಅವರಿಗೆ ಬರುತ್ತದೆ. ಅವರ ಹಕ್ಕನ್ನು ಕಿತ್ತುಕೊಳ್ಳಿ ಎಂದು ನಾವು ಹೇಳುತ್ತಿಲ್ಲ. ಒಂದೇ ಛಾವಣಿಯ ಕೆಳಗೆ ಒಂದೇ ರಕ್ತ ಒಬ್ಬಳಿಗೆ ಹಕ್ಕು, ಇನ್ನೊಬ್ಬಳಿಗೆ ದಂಡ ಆಗುವುದು ಹೇಗೆಂದು ಕೇಳುತ್ತಿದ್ದೇವೆ. ತುಪ್ಪದ ಚೀಲ ಎತ್ತಿ ತೋರಿಸಿದ ಕಾಳವ್ವೆ ಕೇಳಿದ್ದೂ ಇದನ್ನೇ. ಹಾಗಾಗಿ ಅವಳದು ಹೆಣ್ಣಿನ ಮಾತಲ್ಲ ಎನ್ನುವವರು ಈ ಮನೆಯ ಲೆಕ್ಕವನ್ನು ಯಾವ ಖಾತೆಗೆ ಬರೆಯುತ್ತಾರೋ ಹೇಳಲಿ.

ನಮ್ಮ ಚಳವಳಿಯ ಅಣ್ಣಂದಿರಿಗೂ ಎರಡು ಮಾತು. ಕಾಳವ್ವೆಯ ವಚನವನ್ನು ಅವರು ಓದುತ್ತಾರೆ, ಆದರೆ ದಲಿತ ವಚನ ಅಂತ ಓದುತ್ತಾರೆ. ಅಲ್ಲಿ ಜಾತಿ ಕಾಣುತ್ತದೆ, ಅವಳು ಕಾಣುವುದಿಲ್ಲ. ಬಂಡಾಯದ ಕಾವ್ಯದಲ್ಲಿ ಅವ್ವನಿಗೆ ಏನು ಬರವೆ? ಸಾಲು ಸಾಲು ಅವ್ವಂದಿರು. ಸೌದೆ ಹೊರುತ್ತಾಳೆ, ಬಿಸಿಲಲ್ಲಿ ಬೇಯುತ್ತಾಳೆ, ಕುಡುಕ ಗಂಡನ ಒದೆ ತಿನ್ನುತ್ತಾಳೆ, ಕೊನೆಗೆ ಭೂಮಿತಾಯಿ ಆಗುತ್ತಾಳೆ. ವಾದ ಮಾಡುವ ಅವ್ವ ಮಾತ್ರ ಸಿಗುವುದಿಲ್ಲ. ಲೆಕ್ಕ ಕೇಳುವ ಅವ್ವ ಇಲ್ಲ. ಒದ್ದ ಗಂಡನ ಜಾತಿಯೂ ನಮ್ಮದೇ ಆದ್ದರಿಂದ ಆ ವಿಷಯ ಆಮೇಲೆ ನೋಡೋಣ, ಮೊದಲು ಜಾತಿ ಹೋಗಲಿ ಎನ್ನುತ್ತಾರೆ. ಜಾತಿ ನಿಂತಿರುವುದೇ ಹೆಣ್ಣಿನ ಮೇಲಿನ ಹಿಡಿತದಿಂದ ಎಂದು 1916ರಲ್ಲಿ ಬಾಬಾಸಾಹೇಬರು ಹೇಳಿದ ಮೇಲೂ ಯಾವುದು ಮೊದಲು ಯಾವುದು ಆಮೇಲೆ ಎನ್ನುವ ಸರದಿಯನ್ನು ಇವರು ಎಲ್ಲಿಂದ ತಂದರು? ದು. ಸರಸ್ವತಿಯಂಥವರು ಪೌರಕಾರ್ಮಿಕ ಹೆಂಗಸರ ಜೊತೆ ಕೂತು ಬರೆದದ್ದನ್ನು, ಆಡಿದ್ದನ್ನು ನಮ್ಮ ಪತ್ರಿಕೆಗಳು ಮಹಿಳಾ ಪುಟದಲ್ಲಿ ಹಾಕಿ ಕೈತೊಳೆದುಕೊಳ್ಳುವುದು ನಿಲ್ಲಬೇಕು. ಅದು ಮುಖಪುಟದ ಮಾತು.

ಹೊನ್ನಮ್ಮನನ್ನು ಓದಬೇಡಿ ಎನ್ನುವುದು ನಮ್ಮ ವಾದವಲ್ಲ. ಇಡಿಯಾಗಿ ಓದಿ. ಸಂಚಿ ಹಿಡಿದು ನಿಂತವಳನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ. ಜೊತೆಗೆ ಕಾಳವ್ವೆಯನ್ನು, ಲಕ್ಕಮ್ಮನನ್ನು, ಸಂಕವ್ವೆಯನ್ನು ಅದೇ ವೇದಿಕೆಯ ಮೇಲೆ ಓದಿ. ಮುಂದಿನ ಮಾರ್ಚ್ 8ಕ್ಕೆ ರಾಮಕೃಷ್ಣನಗರದಲ್ಲಿ ಸಭೆ ಮಾಡುವವರಿಗೆ ಒಂದು ವಿನಂತಿ. ಸಭೆಯನ್ನು ಬೆಳಿಗ್ಗೆ ಹತ್ತೂವರೆಗೆ ಇಡಬೇಡಿ. ಆ ಹೊತ್ತಿಗೆ ನಮ್ಮ ಅವ್ವಂದಿರು ಮೂರನೇ ಮನೆಯಲ್ಲಿ ಬಟ್ಟೆ ಒಗೆಯುತ್ತಿರುತ್ತಾರೆ. ಸಂಜೆ ನಾಲ್ಕರ ಮೇಲೆ ಇಟ್ಟರೆ ಬರುತ್ತಾರೆ, ಕೇಳಿದ್ದೇವೆ. ಆದರೆ ಆರೂವರೆಯ ಬಸ್ಸಿಗೆ ಬಿಡಬೇಕು.